ಪಟ್ಟಾ ಹೆಂಗದ ಮಿಸ್ತ್ರಿ?

ಹೋದ ತಿಂಗಳು ಕಪನೂರಿನ ಕಾರ್ಖಾನೆದಾರರ ಸಭಾಭವನದಲ್ಲಿ ಒಂದು ಸಭೆ ಇತ್ತು. ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬರು ಗೋಡೆಯ ಮೇಲೆ ಚಿತ್ರ ಬಿಡುತ್ತ, ಹವಾಮಾನ ಬದಲಾಗುತ್ತಿದೆ, ಬಿಸಿಲು ಏರುತ್ತಿದೆ, ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದೆ, ಉದ್ದಿಮೆಗಳು ಇದಕ್ಕೆ ತಕ್ಕಂತೆ ಬದಲಾಗಬೇಕು ಎಂದು ಒಂದೂವರೆ ತಾಸು ಹೇಳಿದರು. ಅಲ್ಲ, ಇಷ್ಟು ಹೇಳಲು ಅಷ್ಟು ದೂರದಿಂದ ರೈಲಿನಲ್ಲಿ ಕೂತು ಬರಬೇಕಾಗಿತ್ತೇ ಪುಣ್ಯಾತ್ಮ? ಕಪನೂರಿನ ಬೀದಿನಾಯಿಗೂ ಅದು ಗೊತ್ತು. ಸಂಕ್ರಾಂತಿ ದಾಟಿತೆಂದರೆ ಅದು ಲಾರಿಯ ನೆರಳು ಬಿಟ್ಟು ಏಳುವುದಿಲ್ಲ.

ಕೊನೆಗೆ ಅವರು, "ನಿಮ್ಮಲ್ಲಿ ಯಾರಾದರೂ ಈಗಾಗಲೇ ಇಂಥ ಬದಲಾವಣೆ ಮಾಡಿಕೊಂಡಿದ್ದೀರಾ?" ಎಂದು ಕೇಳಿದರು. ನಮ್ಮ ಬೇಳೆ ಗಿರಣಿಯ ಮಾಲಕಿ ಕಸ್ತೂರಿಬಾಯಿ ಕೋಲೂರಿ ಎದ್ದು ನಿಂತರು. ವಯಸ್ಸು ಎಪ್ಪತ್ತಾದರೂ ದನಿ ಹಾಗೇ ಇದೆ. "ನಾವು ಹನ್ನೆರಡು ವರ್ಷದ ಹಿಂದನ ಡ್ರೈಯರ್ ಹಾಕ್ಸೀವಿ. ನಮ್ಮ ತೊಗರಿಗಿ ಈಗ ಮಳಿ ಅಂಜಿಕಿ ಇಲ್ಲ. ಅದನ್ನ ನಡಸಾಂವ ಇಂವ ನೋಡ್ರಿ, ಇಮಾಮುದ್ದೀನ್ ಮಿಸ್ತ್ರಿ" ಎಂದು ನನ್ನತ್ತ ಕೋಲು ತೋರಿಸಿದರು. ಅಧಿಕಾರಿ ಏನೋ ಬರೆದುಕೊಂಡರು, ಜನ ಚಪ್ಪಾಳೆ ತಟ್ಟಿದರು. ನಾನೂ ಎದ್ದು ಕೈಮುಗಿಯಬೇಕಾಯಿತು. ಆಮೇಲೆ ಚಹಾ, ಬಿಸ್ಕೀಟು ಕೊಟ್ಟರು. ನನ್ನ ಪಾಲಿನ ಬಿಸ್ಕೀಟನ್ನು ಹೊರಗಿನ ಬೀದಿನಾಯಿಗೆ ಹಾಕಿದೆ.

ಯಂತ್ರ ಬರುವ ಮೊದಲು ಆ ಮಳೆಯ ಎದುರು ನಿಂತವಳು ಒಬ್ಬಳಿದ್ದಳು. ಅವಳ ಹೆಸರನ್ನು ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಕಸ್ತೂರಿಬಾಯಿಗೆ ಮರೆತಿರಬಹುದು, ವಯಸ್ಸಾಯಿತು. ನಾನು ಎತ್ತದೇ ಇದ್ದದ್ದು ಮರೆವಿನಿಂದಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಅವಳು ಮಲ್ಕಮ್ಮ, ಕಮಲಾಪುರದವಳು. ೧೯೮೧ರಲ್ಲಿ, ತೊಗರಿ ಹಂಗಾಮು ಶುರುವಾಗುವ ಹೊತ್ತಿಗೆ, ಬೆಳಗಿನ ಎಂಟು ಗಂಟೆಯ ಬಸ್ಸಿನಿಂದ ಹನ್ನೊಂದು ಹೆಣ್ಣುಮಕ್ಕಳನ್ನು ಹಿಂದೆ ಹಾಕಿಕೊಂಡು ಕಪನೂರಿನಲ್ಲಿ ಇಳಿದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಎತ್ತರದ ಹೆಂಗಸು, ಬಾಯಿ ಇನ್ನೂ ದೊಡ್ಡದು. ಗಿರಣಿಯ ಬಾಗಿಲಲ್ಲಿ ನನ್ನನ್ನು ನೋಡಿ, "ಮಾಲಕ್ರು ನೀವೇನ್ರಿ?" ಎಂದಳು. ಮೈಯೆಲ್ಲ ಗ್ರೀಸು ಬಳಿದುಕೊಂಡವನನ್ನು ಮಾಲಕ ಎಂದವಳು ಅವಳೊಬ್ಬಳೇ. ಅಲ್ಲ ಎಂದೆ. "ಹಂಗಂದ್ರ ದಾರಿ ಬಿಡ್ರಿ" ಎಂದು ಒಳಗೆ ಹೋದಳು.

ಗಂಡ ಪೀರಪ್ಪ ಕಮಲಾಪುರದ ಒಂದು ಕೆಂಪು ಬಾಳೆತೋಟದಲ್ಲಿ ನೀರು ಹಾಯಿಸುವ ಆಳು. ಆ ತೋಟದ ಹಣ್ಣನ್ನು ಅವಳು ಆಗಾಗ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. "ತಿನ್ರಿ ಮಿಸ್ತ್ರಿ, ಸಿಟ್ಟು ಮಾಡ್ಬ್ಯಾಡ್ರಿ. ಕಬ್ಬಿಣದ ಜೋಡಿ ಇದ್ದು ಇದ್ದು ನಿಮ್ಮ ಮಾರಿನೂ ಕಬ್ಬಿಣಾಗ್ಯಾದ" ಎನ್ನುತ್ತಿದ್ದಳು. ನನ್ನ ಸಿಟ್ಟು ಇಡೀ ಕಪನೂರಿಗೆ ಗೊತ್ತು. ಆ ಹನ್ನೆರಡು ಮಂದಿ ಮಾತ್ರ ಅದಕ್ಕೆ ಕವಡೆ ಕಿಮ್ಮತ್ತು ಕೊಡಲಿಲ್ಲ.

ಬೇಳೆ ಮಾಡುವುದೆಂದರೆ ತೊಗರಿ ಒಡೆಯುವುದು ಎಂದು ಜನ ತಿಳಿದಿದ್ದಾರೆ. ಒಡೆಯಲು ಎಷ್ಟು ಹೊತ್ತು ಬೇಕು? ಕಷ್ಟವೆಲ್ಲ ಒಣಗಿಸುವುದರಲ್ಲಿದೆ. ಕಾಳಿನ ಸಿಪ್ಪೆಯನ್ನು ಯಂತ್ರದಲ್ಲಿ ಕೆರೆದು, ಎಣ್ಣೆ ಸವರಿ, ಮೂರು ನಾಲ್ಕು ದಿನ ಬಿಸಿಲಿಗೆ ಹರವಬೇಕು. ಕಾಳು ಎಣ್ಣೆ ಕುಡಿದು ಸಿಪ್ಪೆ ಸಡಿಲ ಮಾಡುತ್ತದೆ. ಆಗ ಮಾತ್ರ ಎರಡು ಹೋಳು ನೀಟಾಗಿ ಬೀಳುತ್ತವೆ. ನಡುವೆ ನೀರು ತಾಗಿದರೆ ಕಾಳು ಉಬ್ಬಿ, ಯಂತ್ರದಲ್ಲಿ ನುಚ್ಚಾಗಿ, ಮುಗ್ಗಲು ವಾಸನೆ ಹಿಡಿದು ದನದ ಬಾಯಿಗೆ ಹೋಗುತ್ತದೆ. ನಮ್ಮ ಗಿರಣಿಯ ಹಿಂದೆ ಶಹಾಬಾದ್ ಕಲ್ಲು ಹಾಸಿದ ಅಂಗಳವಿತ್ತು. ನಾಲ್ಕು ಮದುವೆಯ ಊಟದ ಪಂಕ್ತಿ ಒಟ್ಟಿಗೆ ಕೂರಿಸುವಷ್ಟು ದೊಡ್ಡದು. ಆ ಅಂಗಳವೇ ಮಲ್ಕಮ್ಮನದು.

ಹನ್ನೆರಡು ಮಂದಿ ಸಾಲಾಗಿ ನಿಂತು ಬರಿಗಾಲಲ್ಲಿ ತೊಗರಿಯೊಳಗೆ ಕಾಲೆಳೆದು ನಡೆಯುತ್ತಿದ್ದರು. ಕಾಲು ಹೋದಲ್ಲಿ ಸಾಲು ಬಿದ್ದು, ಕೆಳಗಿನ ಕಾಳು ಮೇಲೆ ಬರುತ್ತಿತ್ತು. ಅರ್ಧ ತಾಸಿಗೊಮ್ಮೆ ಅಡ್ಡ, ಅರ್ಧ ತಾಸಿಗೊಮ್ಮೆ ಉದ್ದ. ಕಲ್ಲು ಕಾದು ಹಂಚಾಗುತ್ತಿತ್ತು, ಅವರ ಪಾದಗಳು ಗಟ್ಟಿಯಾಗಿ ಹೋಗಿದ್ದವು. ಹಸಿ ಕಾಳು ಕಾಲಿಗೆ ಸಿಕ್ಕರೆ ದನಿ ಮಾಡುವುದಿಲ್ಲ, ಒಣಗಿದ್ದು ಗಿಲಗಿಲ ಎನ್ನುತ್ತದೆ ಎಂದು ಮಲ್ಕಮ್ಮ ಹೇಳುತ್ತಿದ್ದಳು. ಆ ಗಿಲಗಿಲ ಕೇಳಿಸಿದ ಮೇಲೆ ಒಂದು ಕಾಳು ಹಲ್ಲಿಗೆ ಹಾಕಿ ಕಟ್ಟೆಂದು ಕಡಿದು, "ಎತ್ರಿ" ಎನ್ನುವಳು. ಅವಳು ಎತ್ತಿ ಎಂದ ರಾಶಿ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನ ಯಂತ್ರದಲ್ಲಿ ನುಚ್ಚಾಗಲಿಲ್ಲ.

ನನ್ನ ಕಡೆಯದೂ ಒಂದು ಗುಟ್ಟಿತ್ತು. ಆಗ ನಮ್ಮ ಯಂತ್ರಗಳನ್ನೆಲ್ಲ ಒಂದೇ ದೊಡ್ಡ ಮೋಟಾರು ಚರ್ಮದ ಪಟ್ಟಾಗಳ ಮೇಲೆ ತಿರುಗಿಸುತ್ತಿತ್ತು. ಚರ್ಮ ಗಾಳಿಯ ತೇವ ಕುಡಿಯುತ್ತದೆ. ಒಣ ಗಾಳಿಯಿದ್ದರೆ ಪಟ್ಟಾ ಬಿಗಿಯಾಗಿ ಗುಂಯ್ ಎನ್ನುತ್ತದೆ, ತೇವ ಬಂದರೆ ಸಡಿಲಾಗಿ ಪಟಪಟ ಬಡಿದುಕೊಳ್ಳುತ್ತದೆ. ಆಕಾಶದಲ್ಲಿ ಮೋಡ ಕಾಣುವ ಮೊದಲೇ ಎಷ್ಟೋ ಸಲ ಪಟ್ಟಾಕ್ಕೆ ತಿಳಿದಿರುತ್ತದೆ. ಒಂದು ದಿನ ಮಾತಿಗೆ ಇದನ್ನು ಹೇಳಿದೆ. ಅವತ್ತಿನಿಂದ ಬಸ್ಸಿಳಿದವಳು ಅಂಗಳಕ್ಕೆ ಹೋಗುವ ಮೊದಲು ನನ್ನ ಬಾಗಿಲಿಗೆ ಬಂದು ಕೇಳುತ್ತಿದ್ದಳು:

"ಪಟ್ಟಾ ಹೆಂಗದ ಮಿಸ್ತ್ರಿ?"

"ಬಿಗಿ ಅದ" ಎಂದರೆ ಹರವುತ್ತಿದ್ದಳು. "ಸಡ್ಲಾಗ್ಯಾದ" ಎಂದರೆ ಸೆರಗು ಸಿಕ್ಕಿಸಿಕೊಂಡು ಇನ್ನೊಮ್ಮೆ ಆಕಾಶ ನೋಡುತ್ತಿದ್ದಳು. ಅವಳ ಕಾಲು, ನನ್ನ ಪಟ್ಟಾ, ಇಷ್ಟೇ ನಮ್ಮ ಹವಾಮಾನ ಇಲಾಖೆ. ರೇಡಿಯೋದಲ್ಲಿ ಹೇಳುವುದನ್ನು ನಾವು ಚಹಾದ ಜೊತೆ ನಗಲು ಇಟ್ಟುಕೊಂಡಿದ್ದೆವು.

ಮಳೆಯ ಲೆಕ್ಕ ಅವಳಿಗೆ ಅಪ್ಪನಿಂದ ಬಂದದ್ದು. ರೋಹಿಣಿ, ಮೃಗ, ಆರಿದ್ರಾ ಎಂದು ಶುರುಮಾಡಿ ಹಸ್ತ, ಚಿತ್ತಿ, ಸ್ವಾತಿ, ವಿಶಾಖದವರೆಗೆ ನಕ್ಷತ್ರದ ಮಳೆಗಳನ್ನು ಒಂದೇ ಉಸಿರಿನಲ್ಲಿ ಹೇಳುವಳು. ಯಾವ ಮಳೆ ಹೇಗೆ ಬರುತ್ತದೆ, ಯಾವುದು ಮೋಸ ಮಾಡುತ್ತದೆ, ಎಲ್ಲ ಮನೆಯ ಸೊಸೆಯಂದಿರ ಬಗ್ಗೆ ಹೇಳಿದಂತೆ ಹೇಳುವಳು. "ವಿಶಾಖಿ ಹ್ವಾದಮ್ಯಾಲ ಯಾ ಮಳಿಗೂ ಹೆಸರಿಲ್ರಿ. ಹೆಸರಿಲ್ಲದ್ದು ಬರಂಗಿಲ್ಲ" ಎನ್ನುತ್ತಿದ್ದಳು. ನಮ್ಮ ತೊಗರಿ ಅಂಗಳಕ್ಕೆ ಬರುತ್ತಿದ್ದದ್ದು ಸರಿಯಾಗಿ ಆಮೇಲೆಯೇ. ಎಂಬತ್ತರ ದಶಕ ಮುಗಿಯುವವರೆಗೂ ಅವಳ ಮಾತು ಹೆಚ್ಚುಕಡಿಮೆ ನಿಜವೇ ಆಗಿತ್ತು.

ತೊಂಬತ್ತು ದಾಟಿದ ಮೇಲೆ ಏನೋ ಕೆಟ್ಟಿತು. ಮೊದಲು ಬಿಸಿಲು. ಏಪ್ರಿಲ್‌ನಲ್ಲಿ ಕಾಯಬೇಕಾದ ಕಲ್ಲು ಫೆಬ್ರವರಿಯಲ್ಲೇ ಕಾಯತೊಡಗಿತು. ಆ ಹನ್ನೊಂದರಲ್ಲಿ ಹಿರಿಯಳಾದ ದುಂಡಮ್ಮ ಒಂದು ಮಧ್ಯಾಹ್ನ ಸಾಲಿನ ನಡುವೆಯೇ ಕುಸಿದಳು. ನೀರು ಹೊಡೆದು ಎಬ್ಬಿಸಿದರೆ, "ಕಾಲಿಗಿ ಏನೂ ಆಗಿಲ್ಲ, ತಲಿ ಒಂದು ತಿರಗ್ಯಾದ" ಎಂದು ನಮಗೇ ಸಮಾಧಾನ ಹೇಳಿದಳು. ಆಮೇಲೆ ಕಾಲಿಗೆ ಗೋಣಿತಟ್ಟು ಕಟ್ಟಿಕೊಂಡು ನಡೆಯತೊಡಗಿದರು. ತಟ್ಟು ಕಟ್ಟಿದ ಕಾಲಿಗೆ ಗಿಲಗಿಲ ಕೇಳಿಸುವುದಿಲ್ಲ ಎಂದು ಮಲ್ಕಮ್ಮ ಮಾತ್ರ ಬರಿಗಾಲಲ್ಲೇ ಉಳಿದಳು.

ಬಿಸಿಲಾದರೂ ನಮ್ಮದೇ. ಆಮೇಲೆ ಮಳೆ ಬಂತು. ತೊಂಬತ್ತಮೂರರ ಹಂಗಾಮಿನಲ್ಲಿ ಒಂದು ರಾಶಿ ನೆನೆಯಿತು, ಮರುವರ್ಷ ಎರಡು. ಕಸ್ತೂರಿಬಾಯಿ ಕೆಟ್ಟವರಲ್ಲ. ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡು, ಗಿರಣಿ ಮುಚ್ಚು ಎಂದ ಮೈದುನರ ಎದುರು ಅದನ್ನು ನಡೆಸಿದವರು. ಆ ನೆನೆದ ತೊಗರಿಯನ್ನು ಮುಷ್ಟಿಯಲ್ಲಿ ಹಿಡಿದು ಅಂಗಳದ ಕಟ್ಟೆಯ ಮೇಲೆ ಕೂತು ಅತ್ತದ್ದನ್ನು ನಾನೇ ಕಂಡಿದ್ದೇನೆ. ಮುಂದಿನ ಹಂಗಾಮು ಶುರುವಾಗುವ ಹೊತ್ತಿಗೆ ಒಬ್ಬ ಏಜೆಂಟ್ ಬಣ್ಣದ ಪುಸ್ತಕ ಹಿಡಿದು ಬಂದ. ಡ್ರೈಯರ್ ಯಂತ್ರ. ಕಟ್ಟಿಗೆ ಉರಿಸಿ ಬಿಸಿಗಾಳಿ ಊದುತ್ತದೆ, ಮಳೆ ಇರಲಿ ಚಳಿ ಇರಲಿ ಮೂರು ದಿನದ ಕೆಲಸ ಹತ್ತು ತಾಸಿನಲ್ಲಿ ಆಗುತ್ತದೆ. "ಮಂದಿ ಎಷ್ಟು ಬೇಕಾಗ್ತಾರ?" ಎಂದು ಬಾಯಿ ಕೇಳಿದರು. "ಒಬ್ಬ ಮಿಸ್ತ್ರಿ ಸಾಕ್ರಿ" ಎಂದ.

ಮಾತು ಅಂಗಳಕ್ಕೆ ಹೋಗಲು ಎಷ್ಟು ಹೊತ್ತು? ಮರುದಿನ ಹನ್ನೆರಡೂ ಮಂದಿ ಬಾಯಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಮಷೀನ್ ತರ್ತೀರಂತಲ್ರಿ ಬಾಯಿ?" ಎಂದಳು ಮಲ್ಕಮ್ಮ.

"ನಾ ಏನ್ ಮಾಡ್ಲಿ ಹೇಳು? ಆಕಾಶಕ್ಕ ಬೀಗ ಹಾಕ್ಲಿ?"

"ಆಕಾಶಕ್ಕ ಬ್ಯಾಡ. ಅಂಗಳಕ್ಕ ಹಾಕೂಣ. ತಾಡಪತ್ರಿ ಕೊಡಸ್ರಿ. ಮಿಸ್ತ್ರಿ ಒಂದು ಉಪಾಯ ಮಾಡ್ತಾರ. ಮೋಡ ಬಂದ ಕೂಡ್ಲೆ ಮುಚ್ತೀವಿ, ಹ್ವಾದ ಕೂಡ್ಲೆ ತಗೀತೀವಿ."

ಬಾಯಿ ಹೇಳಿದರು: "ಈ ಹಂಗಾಮಿಂದು ಮೊದಲ ಮೂರು ರಾಶಿ ಕೆಡಲಾರದಂಗ ಒಳಗ ತಂದು ಕೊಡು. ಮಷೀನಿನ ಮಾತು ಮತ್ತ ಎತ್ತಂಗಿಲ್ಲ. ಒಂದು ಕೆಟ್ರೂ ನಂಗ ಬೈಬ್ಯಾಡ."

"ಬೈಯಂಗಿಲ್ರಿ" ಎಂದಳು ಮಲ್ಕಮ್ಮ. ಹೊರಗೆ ಬಂದು ಉಳಿದವರ ಮುಖ ನೋಡದೆ ನೇರ ನನ್ನ ಹತ್ತಿರ ಬಂದಳು.

ಆ ಉಪಾಯ ನಾನು ಮನಸ್ಸಿಟ್ಟು ಮಾಡಿದೆ, ಅದನ್ನು ಮಾತ್ರ ಯಾರೂ ಇಲ್ಲ ಎನ್ನಲಾರರು. ಸ್ಟೇಶನ್ ಬಜಾರದ ಗುಜರಿಯಿಂದ ಹಳೆಯ ಸೈಕಲ್ ಗಾಲಿಗಳನ್ನು ತಂದು, ಕಬ್ಬಿಣದ ಪೈಪಿನ ಎರಡು ತುದಿಗೆ ಹಚ್ಚಿ, ಪೈಪಿಗೆ ತಾಡಪತ್ರಿ ಸುತ್ತಿದೆ. ಇಬ್ಬರು ಹಿಡಿದು ಓಡಿದರೆ ಹಾಸಿಗೆ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತಿತ್ತು. ಅಂಥವು ಆರು. ಮಲ್ಕಮ್ಮ ಅವರನ್ನು ಜೋಡಿ ಮಾಡಿ ಓಡಿಸಿ ಓಡಿಸಿ ಕಲಿಸಿದಳು. ದುಂಡಮ್ಮ ಸೀರೆ ಕಚ್ಚೆ ಹಾಕಿ ಓಡುವುದನ್ನು ನೋಡಿ ಇಡೀ ಗಿರಣಿ ನಕ್ಕಿತು. "ನಗ್ರಿ ನಗ್ರಿ, ನಿಮ್ಮ ಮದಿವ್ಯಾಗ ನಿಮ್ಮ ಹೆಂಡ್ರು ಹಿಂಗ ಓಡಿದ್ರ ನಿಮ್ಮ ಕೈಗಿ ಸಿಗ್ತಿದ್ದಿಲ್ಲ" ಎಂದಳು ದುಂಡಮ್ಮ. ಆ ದಿನಗಳು ಚೆನ್ನಾಗಿದ್ದವು.

ಮೊದಲ ರಾಶಿ ಎಳ್ಳಮಾವಾಸ್ಯೆಯ ಮುಂಚೆ ಒಳಗೆ ಬಂತು. ಮಲ್ಕಮ್ಮ ಅಮಾವಾಸ್ಯೆಯ ಮರುದಿನ ನನಗೆಂದು ಭಜ್ಜಿ, ಸಜ್ಜೆ ಕಡುಬು ತಂದಳು. ಎರಡನೆಯ ರಾಶಿಯ ದಿನ ಪಟ್ಟಾ ಸ್ವಲ್ಪ ಸಡಿಲಾಗಿತ್ತು. ನಾನೇ ಹೇಳಿದೆ. ಮೋಡವೂ ಇತ್ತು. ಅವಳು ಮುಚ್ಚಿಸಿದಳು. ಮಳೆ ಬರಲಿಲ್ಲ. ಕಾದ ತೊಗರಿ ತಾಡಪತ್ರಿಯ ಕೆಳಗೆ ಬೆವರಿ, ಒಂದು ಮೂಲೆಯಲ್ಲಿ ಮುಗ್ಗಲು ಹಿಡಿಯಿತು. ಎರಡು ದಿನ ಊಟ ಮರೆತು ತಿರುವಿ ಹಾಕಿದರು. ಬಾಯಿ ಒಂದು ಮುಷ್ಟಿ ಮೂಸಿ ನೋಡಿ, "ಇದೊಂದ್ಸಲ ನಡೀಲಿ. ಇನ್ನೊಮ್ಮಿ ಸುಮ್ಮನ ಮುಚ್ಚಿ ಕೆಡಿಸಿದ್ರ ಮಳ್ಯಾಗ ಕೆಟ್ಟಂಗ ಲೆಕ್ಕ" ಎಂದರು. ಅಂದರೆ ಮುಚ್ಚಿದರೂ ಕಷ್ಟ, ಬಿಟ್ಟರೂ ಕಷ್ಟ. ಮೂರನೆಯ ರಾಶಿಗೆ ಅವಳಿಗೆ ಉಳಿದದ್ದು ಸರಿಯಾದ ಒಂದು ಮಾತು ಮಾತ್ರ, ಮಳೆ ಬರುತ್ತದೋ ಇಲ್ಲವೋ ಎಂಬುದು.

ಅದೇ ವಾರ ಬಾಯಿ ನನ್ನನ್ನು ಕರೆದರು. "ಇಮಾಮುದ್ದೀನ್, ಒಂದ್ಯಾಳ್ಯಾ ಮಷೀನ್ ಬಂತಂದ್ರ ಅದರ ಮಿಸ್ತ್ರಿ ನೀನೇ. ಹನ್ನೆರಡು ತಿಂಗಳು ಕೆಲಸ. ಪರ್ಮನೆಂಟ್" ಎಂದರು. ಈ ಪರ್ಮನೆಂಟ್ ಎನ್ನುವ ಶಬ್ದ ಏನೆಂದು ಹಂಗಾಮಿನ ಆಳಿಗೆ ಮಾತ್ರ ಗೊತ್ತು. ಹದಿನೈದು ವರ್ಷ ನಾನು ಮೃಗ ಮಳೆ ಬಿದ್ದ ದಿನ ಗಿರಣಿ ಬಿಟ್ಟು, ಕೋಟೆಯ ಹಿಂದಿನ ನಮ್ಮ ಓಣಿಯಲ್ಲಿ ಕೊಡ ಬೆಸೆಯುತ್ತ ದೀಪಾವಳಿಯವರೆಗೆ ದಿನ ತಳ್ಳಿದವನು. ಮನೆಗೆ ಹೋಗಿ ಹೆಂಡತಿ ಜೈನಾಬಿಗೆ ಹೇಳಿದೆ. ಅವಳು, "ಅಲ್ಲಾ ಮಾಡ್ಲಿ, ಆ ಮಷೀನ್ ಬರ್ಲಿ" ಎಂದಳು. ನಾನು ಆಮೀನ್ ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಮೂರನೆಯ ರಾಶಿ ಹರವಿದ್ದು ಸಂಕ್ರಾಂತಿ ಮುಗಿದು ವಾರಕ್ಕೆ. ಎರಡು ದಿನ ಚೆನ್ನಾಗಿ ಬಿಸಿಲು ಬಿತ್ತು. ಮೂರನೆಯ ಬೆಳಿಗ್ಗೆ ಕಪನೂರು ಕ್ರಾಸಿನ ಚಹಾದಂಗಡಿಯಲ್ಲಿ ರೇಡಿಯೋ, ಉತ್ತರ ಒಳನಾಡಿನ ಕೆಲವೆಡೆ ಮಳೆಯಾಗುವ ಸಂಭವವಿದೆ ಎಂದಿತು. ಚಹಾದವನು, "ಇಕಿ ದಿನಾ ಇದೇ ಹೇಳ್ತಾಳ" ಎಂದು ನಕ್ಕ. ನಾನೂ ನಕ್ಕೆ. ಗಿರಣಿಗೆ ಬಂದು ಮೋಟಾರು ಹಾಕಿದೆ. ಪಟ್ಟಾ ಪಟಪಟ ಬಡಿಯಿತು. ಸ್ವಲ್ಪವಲ್ಲ, ಮೃಗ ಮಳೆ ಬಿದ್ದ ದಿನ ಬಡಿಯುವ ಹಾಗೆ. ಕಬ್ಬಿಣ ಮುಟ್ಟಿದರೆ ಬೆವರಿತ್ತು.

ಮೋಟಾರು ನಿಲ್ಲಿಸಿದೆ. ಪಟ್ಟಾದ ಹೊಲಿಗೆ ಬಿಚ್ಚಿ, ಎರಡು ಬೆರಳಿನಷ್ಟು ಕತ್ತರಿಸಿ, ಎಳೆದು ಹೊಲಿದು, ಮೇಲೆ ರಾಳ ಉಜ್ಜಿದೆ. ಸಡಿಲಾದ ಪಟ್ಟಾವನ್ನು ಯಾವ ಮಿಸ್ತ್ರಿಯಾದರೂ ಬಿಗಿ ಮಾಡುತ್ತಾನೆ, ಅದು ಕೆಲಸ. ಆದರೆ ಬೇರೆ ದಿನ ನಾನು ಅದನ್ನು ಅವಳಿಗೆ ತೋರಿಸಿದ ಮೇಲೆ ಮಾಡುತ್ತಿದ್ದೆ. ಅವತ್ತು ಬಸ್ಸು ಬರುವ ಮೊದಲೇ ಮಾಡಿದೆ.

"ಪಟ್ಟಾ ಹೆಂಗದ ಮಿಸ್ತ್ರಿ?"

ಮೋಟಾರು ಹಾಕಿದೆ. ಗುಂಯ್ ಎಂದಿತು.

"ಬಿಗಿ ಅದ" ಎಂದೆ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ನಾಳೆ ಯಾರಾದರೂ ಕೇಳಿದರೆ ಹೇಳಿದ್ದೆ ಎನ್ನಲು ಒಂದು ಮಾತು ಬೇಕಿತ್ತು. "ರೇಡಿಯೋದಾಕಿ ಮಳಿ ಅದ ಅಂದಾಳ ನೋಡು ಮಲ್ಕಮ್ಮ. ಛತ್ರಿ ತಂದೀಯೇನು?" ಎಂದು ಕಣ್ಣು ಮಿಟುಕಿಸಿದೆ. ಹನ್ನೆರಡು ಮಂದಿಯೂ ನಕ್ಕರು. ಹೇಗೆ ಹೇಳಿದರೆ ಅವಳು ನಂಬುವುದಿಲ್ಲ ಎಂಬುದು ಹದಿನಾಲ್ಕು ವರ್ಷ ಜೊತೆಗಿದ್ದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮಧ್ಯಾಹ್ನದ ಹೊತ್ತಿಗೆ ಹುಮನಾಬಾದ್ ದಿಕ್ಕಿನಲ್ಲಿ ಮೋಡ ಕಟ್ಟಿತು. ಅವಳು ಅಂಗಳದ ನಡುವೆ ನಿಂತು ನೋಡುತ್ತಲೇ ಇದ್ದಳು. "ಮುಚ್ಚೂಣೇನ?" ಎಂದು ದುಂಡಮ್ಮ ಮೂರು ಸಲ ಕೇಳಿದಳು. "ತಡಿ. ಈ ತಿಂಗಳದಾಗ ಯಾ ಮಳಿ ಅದ? ಪಟ್ಟಾನೂ ಬಿಗಿ ಅದ. ಇವತ್ತೊಂದಿನ ಬಿಸಿಲು ಸಿಕ್ರ ಸಂಜೀಕ ಎತ್ತೂದೇ" ಎಂದಳು ಮಲ್ಕಮ್ಮ. ನಾನು ಬಾಗಿಲಲ್ಲೇ ಇದ್ದೆ. ಬಾಯಿ ತೆರೆಯಲು ಆಗಲೂ ಹೊತ್ತಿತ್ತು.

ಮೂರು ಗಂಟೆಗೆ ಗಾಳಿ ಎದ್ದಿತು, ಅದರ ಹಿಂದೆಯೇ ಹನಿ. ಓಡಿದರು. ಎಷ್ಟು ಚೆನ್ನಾಗಿ ಓಡಿದರೆಂದರೆ, ಕಾಲು ತಾಸು ಮೊದಲು ಹಾಗೆ ಓಡಿದ್ದರೆ ಒಂದು ಕಾಳೂ ನೆನೆಯುತ್ತಿರಲಿಲ್ಲ. ಮೂರು ತಾಡಪತ್ರಿ ಬಿಚ್ಚುವಷ್ಟರಲ್ಲಿ ಮಳೆ ಕೊಡದಲ್ಲಿ ಸುರಿದಂತೆ ಬಂತು. ತೆರೆದು ಉಳಿದ ಕಡೆಯಿಂದ ಕಲ್ಲಿನ ಮೇಲೆ ನೀರು ಹರಿದು ಮುಚ್ಚಿದ್ದರ ಕೆಳಗೂ ನುಗ್ಗಿತು. ನಾನೂ ಓಡಿ ಹೋಗಿ ಸಲಿಕೆಯಲ್ಲಿ ನೀರು ತಿರುಗಿಸಿದೆ, ಹುಚ್ಚನ ಹಾಗೆ, ಈಗ ಯಾರನ್ನೋ ಉಳಿಸಬಹುದು ಎನ್ನುವವನ ಹಾಗೆ. ದುಂಡಮ್ಮ ತಲೆಯ ಸೆರಗು ಕಿತ್ತು ತೊಗರಿಯ ಮೇಲೆ ಹೊದಿಸುತ್ತಿದ್ದಳು. ಮಲ್ಕಮ್ಮ ಮಾತ್ರ ಓಡುವುದನ್ನು ನಿಲ್ಲಿಸಿ, ಪಾದ ಮುಳುಗುವ ನೀರಿನಲ್ಲಿ ನಿಂತು ಕೂಗಿದಳು.

"ಇದ್ಯಾ ಮಳಿ ಮಿಸ್ತ್ರಿ? ಇದರ ಹೆಸರೇನ್ರಿ? ಇದರ ಹೆಸರೇನು?"

ಅರ್ಧ ತಾಸಿನಲ್ಲಿ ಮಳೆ ನಿಂತು ಬಿಸಿಲು ಬಿತ್ತು. ತೊಗರಿ ಉಬ್ಬಿ ಫಳಫಳ ಹೊಳೆಯುತ್ತಿತ್ತು. ಕಸ್ತೂರಿಬಾಯಿ ಬಂದು ನೋಡಿ, "ನಿಂದೇನ್ ತಪ್ಪಿಲ್ಲ ಮಲ್ಕಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರು. ಯುಗಾದಿಯ ಮೊದಲು ಡ್ರೈಯರ್ ಬಂತು. ಅದರ ತಳಪಾಯಕ್ಕೆಂದು ಅಂಗಳದ ಕಲ್ಲನ್ನು ಎಬ್ಬಿಸಿದರು.

ಬಾಯಿ ಮಲ್ಕಮ್ಮನೊಬ್ಬಳನ್ನು ಕಸ ಗುಡಿಸಲು ಇಟ್ಟುಕೊಳ್ಳುತ್ತೇನೆ ಎಂದರು. ಒಂದು ದಿನ ಬಂದಳು. ಯಂತ್ರದಿಂದ ಬಿದ್ದ ಕಾಳು ಹಲ್ಲಿಗೆ ಹಾಕಿ, "ಇದು ಒಣಗಿಲ್ಲ, ಹುರದದ" ಎಂದು ಉಗುಳಿದಳು. ಸಂಜೆ ನನ್ನ ಬಾಗಿಲಿಗೆ ಬಂದು, "ಹನ್ನೊಂದು ಮಂದೀನ ಕರಕೊಂಡು ಬಂದಾಕಿ ನಾನು. ಒಬ್ಬಾಕಿ ಹೆಂಗ ಬಸ್ ಏರ್ಲಿ ಮಿಸ್ತ್ರಿ?" ಎಂದಳು. ಮತ್ತೆ ಬರಲಿಲ್ಲ ಅವಳು.

ನಾನು ಪರ್ಮನೆಂಟ್ ಆದೆ. ಹನ್ನೆರಡು ವರ್ಷ ಆ ಬೆಂಕಿಯ ಬಾಯಿಗೆ ಜಾಲಿ ಕಟ್ಟಿಗೆ ಹಾಕಿದ್ದೇನೆ. ಮೊದಲು ಕಟ್ಟಿಗೆ ಕಪನೂರಿನ ಸುತ್ತಲೇ ಸಿಗುತ್ತಿತ್ತು, ಈಗ ಲಾರಿ ಎಲ್ಲಿಂದಲೋ ಬರುತ್ತದೆ. ಕಣ್ಣು ಉರಿದು ಉರಿದು ಮಂಜಾಗಿವೆ. ಕಸ್ತೂರಿಬಾಯಿ ಮಳೆಯ ಅಂಜಿಕೆ ಇಲ್ಲ ಎಂದರಲ್ಲ, ಅಂಜಲು ತೊಗರಿಯಾದರೂ ಬರಬೇಕು. ಹೂ ಬಿಡುವ ಹೊತ್ತಿಗೆ ಮಂಜು, ಕಾಯಿ ಕಟ್ಟುವ ಹೊತ್ತಿಗೆ ಮಳೆ. ಬಂದ ಕಾಳು ಸೊರಗಿ ಬರುತ್ತದೆ. ಗಿರಣಿ ಈಗ ವರ್ಷಕ್ಕೆ ನಾಲ್ಕು ತಿಂಗಳು ನಡೆದರೆ ಹೆಚ್ಚು. ಯಂತ್ರ ಆಕಾಶವನ್ನು ಗೆದ್ದಿತು ಎಂದು ಚಪ್ಪಾಳೆ ತಟ್ಟಿದವರಿಗೆ ಇದನ್ನು ಯಾರು ಹೇಳಬೇಕು? ಥೂ.

ಆ ಸಭೆ ಮುಗಿದ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ಹೇಳಿಯೇ ಬಿಡಬೇಕು ಎಂದು ಹೊರಟಿದ್ದೆ. ಪೀರಪ್ಪ ನೀರು ಹಾಯಿಸುತ್ತಿದ್ದ ತೋಟದಲ್ಲಿ ಬಾಳೆ ಇರಲಿಲ್ಲ. ಬಾವಿ ಬತ್ತಿತು, ಕೊಳವೆಬಾವಿ ಬತ್ತಿತು, ಕೆಂಪು ಬಾಳೆ ಗೊನೆ ಹಾಕಲು ಒಂದೂವರೆ ವರ್ಷ ಕಾಯಬೇಕು, ಅಷ್ಟು ದಿನ ಆ ಬಿಸಿಲು ತಾಳಬೇಕಲ್ಲ. ಈಗ ಪೀರಪ್ಪ ಹೆದ್ದಾರಿಯ ಢಾಬಾದಲ್ಲಿ ಕಾವಲು ಕೂರುತ್ತಾನೆ.

ಮಲ್ಕಮ್ಮ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ಐವತ್ತಾಗಿಲ್ಲ, ಎಪ್ಪತ್ತರ ಹಾಗೆ ಕಾಣುತ್ತಾಳೆ. ರಸ್ತೆಯ ಕೆಲಸಕ್ಕೆ ಹೋಗಿ ಮಂಡಿ ಕಳೆದುಕೊಂಡಳಂತೆ. ಪಾದಗಳನ್ನು ನೋಡಿ ನಾನು ಮುಖ ತಿರುಗಿಸಿದೆ. ಹೆಸರು ಹಿಡಿದು ಕರೆದೆ. ಅವಳು ನನ್ನನ್ನು ದನಿಯಿಂದಲೇ ಗುರುತಿಸಿ, ಒಳಗಿದ್ದ ಸೊಸೆ ಯಮನಮ್ಮನನ್ನು ಕೂಗಿದಳು.

"ಏ ಯಮನಮ್ಮ, ಹೊರಗ ಬಾ. ನಾ ಹೇಳ್ತಿದ್ನಲ್ಲ, ಅವತ್ತು ಮಳಿ ಬರ್ತದ ಅಂತ ಹೇಳ್ದವ್ರು ಒಬ್ರೇ ಅಂತ? ಇವ್ರೇ ನೋಡು ಆ ಮಿಸ್ತ್ರಿ. ರೇಡಿಯೋ ಕೇಳಿ ಬಂದು ಹೇಳಿದ್ರು. ನಾನೇ ಸೊಕ್ಕಿನಾಕಿ, ನಕ್ಕು ಬಿಟ್ಟೆ."

ಯಮನಮ್ಮ ನನಗೆ ಕೈಮುಗಿದಳು. ಮಲ್ಕಮ್ಮ ಮುಂದುವರಿಸಿದಳು. ಆ ಹನ್ನೊಂದು ಮನೆಯವರು ಇವತ್ತಿಗೂ ಅವಳ ಜೊತೆ ನೆಟ್ಟಗೆ ಮಾತಾಡುವುದಿಲ್ಲವಂತೆ. ನಮ್ಮ ಅನ್ನ ಕಳೆದಾಕಿ ಎನ್ನುತ್ತಾರಂತೆ. ದುಂಡಮ್ಮ ಸಾಯುವ ಮುಂಚೆ ನೋಡಲು ಹೋದರೆ ಗೋಡೆಯ ಕಡೆ ಹೊರಳಿ ಮಲಗಿದಳಂತೆ. "ಮೂರು ಸಲ ಕೇಳಿದ್ಲು ನೋಡ್ರಿ ಆಕಿ, ಮುಚ್ಚೂಣೇನ ಅಂತ. ತಪ್ಪು ನಂದೇ ಅದ. ಅವರಿಗಿ ಯಾಕ ಸಿಟ್ಟಾಗ್ಲಿ?"

ಒಂದು ಮಾತು ಆಡಿದರೆ ಅವಳ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಹನ್ನೊಂದು ಮನೆಗಳು ನನ್ನನ್ನು ಬೈದು ಅವಳನ್ನು ಬಿಡುತ್ತಿದ್ದವು.

"ಮಲ್ಕಮ್ಮ, ಅವತ್ತು ಪಟ್ಟಾ..." ಎಂದೆ.

"ಪಟ್ಟಾದ್ದೇನು ತಪ್ಪು ತಗೀರಿ. ಪಟ್ಟಾ ಬಿಗೀನೇ ಇತ್ತಲ್ಲ. ಹೆಸರಿಲ್ಲದ ಮಳಿ ಅದು, ಪಾಪ ಚರ್ಮಕ್ಕ ಹೆಂಗ ತಿಳೀಬೇಕು?"

ಯಮನಮ್ಮ ಚಹಾ ತಂದಿಟ್ಟಳು. ನಾನು ಕುಡಿದೆ. ಕುಡಿದು ಮುಗಿಸಿ, ಬಸ್ಸಿಗೆ ಹೊತ್ತಾಯಿತು ಎಂದೆ. ಇದನ್ನೆಲ್ಲ ಈಗ ಬರೆದಿದ್ದೇನೆ. ಮಲ್ಕಮ್ಮನಿಗೆ ಓದು ಬಾರದು ಎಂಬುದೂ ನನಗೆ ಗೊತ್ತು.

ಬೇಡವೆಂದರೂ ಕೋಲು ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬಂದಳು. ದಾರಿಯಲ್ಲಿ ನಾಲ್ಕು ಸಲ ನಿಂತಳು. ಕಿಟಕಿಯ ಪಕ್ಕ ಕೂತವನನ್ನು ಕೆಳಗಿನಿಂದ ನೋಡಿ, ಹಳೆಯ ನಗೆ ನಕ್ಕು ಕೇಳಿದಳು:

"ಈಗ ಪಟ್ಟಾ ಹೆಂಗದ ಮಿಸ್ತ್ರಿ?"

ಗಿರಣಿಯಲ್ಲಿ ಚರ್ಮದ ಪಟ್ಟಾ ಇಲ್ಲದೆ ಹತ್ತು ವರ್ಷವಾಯಿತು. ಯಂತ್ರಕ್ಕೊಂದು ಮೋಟಾರು.

"ಬಿಗಿ ಅದ" ಎಂದೆ.